ನೀರಿನ ಮಾತ್ರೆ ಸ್ಟಾಪು

ಮನುಷ್ಯರಿಗೆ ಯಾವುದರ ಮೇಲೆ ಹೆಮ್ಮೆ ಹುಟ್ಟುತ್ತದೆಂದು ಹೇಳುವುದು ಕಷ್ಟ. ನಮ್ಮ ಅತ್ತೆಗೆ ತಾವು ಹಾಕಿದ ನಿಂಬೆ ಉಪ್ಪಿನಕಾಯಿಯ ಮೇಲೆ, ನನಗೆ ನನ್ನ ಕಾಲುಗಳ ಮೇಲೆ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕಡೂರಿನಿಂದ ತರೀಕೆರೆ, ಅಲ್ಲಿಂದ ಅಜ್ಜಂಪುರ, ಮತ್ತೆ ಬಂದ ದಾರಿಯಲ್ಲೇ ವಾಪಸು. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲಂತೂ ಬಸ್ಸಿನಲ್ಲಿ ಸೂಜಿ ಇಳಿಸಲು ಜಾಗವಿರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ತೆಂಗಿನಕಾಯಿ ಚೀಲಗಳನ್ನೂ ಯಗಟಿಯವರ ಕುರಿಮರಿಗಳನ್ನೂ ದಾಟಿಕೊಂಡು, ಯಾವ ಕಂಬಿಯನ್ನೂ ಹಿಡಿಯದೆ ನಿಂತು ಟಿಕೆಟ್ ಕೊಡಬಲ್ಲವಳು ನಾನು.

ಅಂಥ ಕಾಲುಗಳು ಒಂದು ದಿನ ಚಪ್ಪಲಿಯೊಳಗೆ ಹೋಗಲು ಒಪ್ಪಲಿಲ್ಲ. ಬೆರಳಿನಿಂದ ಒತ್ತಿದರೆ ಬಿಸಿ ಮುದ್ದೆಯ ಮೇಲೆ ಒತ್ತಿದ ಹಾಗೆ ಗುಳಿ ಬೀಳುತ್ತಿತ್ತು. ಅತ್ತೆ ಮಾತ್ರ, "ಈಗ ಮೈ ಕೈ ತುಂಬ್ಕೊಂಡು ಲಕ್ಷಣವಾಗಿ ಕಾಣ್ತೀಯ ಕಣೇ" ಎಂದರು. ಅತ್ತೆಯ ಬಾಯಿಂದ ಅಪರೂಪಕ್ಕೆ ಬಂದ ಹೊಗಳಿಕೆ, ಬಿಡಲು ಮನಸ್ಸಾಗದೆ ನಾನೂ ಕೆಲವು ದಿನ ಅದನ್ನೇ ನಂಬಿಕೊಂಡಿದ್ದೆ. ತರೀಕೆರೆ ನಿಲ್ದಾಣದಲ್ಲಿ ತಲೆ ಗಿರ್ರೆಂದು ತಿರುಗಿದ ಮೇಲೆ ಕಡೂರಿನ ಡಾಕ್ಟರಮ್ಮನ ಹತ್ತಿರ ಹೋದೆ.

ರಕ್ತದೊತ್ತಡ ಏರಿದೆ, ಮೈಯಲ್ಲಿ ನೀರು ನಿಂತಿದೆ ಎಂದು ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟರು. "ಇದ್ರಲ್ಲಿ ಎರಡು ಔಷಧಿ ಸೇರಿದಾವೆ. ಒಂದು ನೀರು ಹೊರಗೆ ಹಾಕುತ್ತೆ. ನೀರಿನ ಜೊತೆ ಪೊಟ್ಯಾಷಿಯಮ್ಮೂ ಹೊರಟು ಹೋಗ್ದಂಗೆ ಇನ್ನೊಂದು ಹಿಡ್ಕೊಳುತ್ತೆ."

"ಅಂದ್ರೆ ಒಬ್ರು ಡ್ರೈವರ್ರು, ಒಬ್ರು ಕಂಡಕ್ಟರ್ರು" ಎಂದೆ.

"ಹಂಗೇ ಅಂದ್ಕೊಳಿ. ದಿನಾ ಬೆಳಿಗ್ಗೆ ತಪ್ಪದೆ ತಗೊಳಿ. ಉಪ್ಪು ಕಮ್ಮಿ ಮಾಡಿ. ನನ್ನ ಕೇಳ್ದೆ ಎಳನೀರು ಕುಡೀಬೇಡಿ, ಅದ್ರಲ್ಲೂ ಪೊಟ್ಯಾಷಿಯಮ್ ಜಾಸ್ತಿ."

ಉಪ್ಪಿನಕಾಯಿ ಭರಣಿ ಅಟ್ಟಕ್ಕೇರಿತು. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಎಳನೀರಿನ ಪಾಡು ಅದಕ್ಕಿಂತ ಕಷ್ಟ. ನಮ್ಮ ಸೀಮೆಯಲ್ಲಿ ಕಾಲು ಊದಿದೆ ಎಂದರೆ ಎಳನೀರು, ತಲೆ ಸುತ್ತಿತು ಎಂದರೆ ಎಳನೀರು, ಎರಡೂ ವಾಸಿಯಾಯಿತು ಎಂದರೆ ಆ ಸಂತೋಷಕ್ಕೆ ಇನ್ನೊಂದು ಎಳನೀರು. ಬೇಡ ಎಂದವಳನ್ನು ಜನ ಜಂಬಗಾತಿ ಎಂದುಕೊಳ್ಳುತ್ತಾರೆ.

ಮಾತ್ರೆ ತನ್ನ ಕೆಲಸದಲ್ಲಿ ಬಹಳ ನಿಯತ್ತಿನದು. ಬೆಳಿಗ್ಗೆ ನುಂಗಿ ಹೊರಟರೆ ಸರಿಯಾಗಿ ತರೀಕೆರೆ ದಾಟಿದ ಮೇಲೆ ಅದರ ಡ್ಯೂಟಿ ಶುರುವಾಗುತ್ತಿತ್ತು. ಅಲ್ಲಿಂದ ಅಜ್ಜಂಪುರದವರೆಗೆ ಹೆಂಗಸರಿಗೆ ಒಂದು ಮರೆಯಿಲ್ಲ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ: ಮಾತ್ರೆ ರಜೆಯ ದಿನ ಮಾತ್ರ. ಕಾಲು ಮತ್ತೆ ಊದಿತು. ಡಾಕ್ಟರಮ್ಮ ಒತ್ತಡ ನೋಡಿ ಕನ್ನಡಕ ತೆಗೆದಿಟ್ಟರು.

"ಬಿಪಿಗೆ ವಾರದ ರಜೆ ಇದೆಯೇನ್ರೀ? ಹಿಂಗೇ ಬಿಟ್ರೆ ಒಂದಿನ ಲಕ್ವ ಹೊಡೆಯುತ್ತೆ. ಆಮೇಲೆ ಯಾವ ಬಸ್ ಹತ್ತೀರಿ?"

ಹೆದರಿದೆ. ಮರುದಿನ ಮಾತ್ರೆ ನುಂಗಿಯೇ ಡ್ಯೂಟಿಗೆ ಹೋದೆ. ತರೀಕೆರೆ ದಾಟಿತು. ಒಂದೊಂದು ಹಂಪು ಬಂದಾಗಲೂ ನಾನು ಮನೆದೇವರನ್ನು ನೆನೆದೆ. ಕೊನೆಗೆ ರಸ್ತೆಯ ಪಕ್ಕ ಒಂದು ಒಂಟಿ ಮನೆ, ಅದರ ಮಗ್ಗುಲಿಗೆ ನೀಲಿ ಬಾಗಿಲಿನ ಶೌಚಾಲಯ ಕಾಣಿಸಿತು. ಸೀಟಿ ಊದಿದೆ.

"ಇಲ್ಲಿ ಸ್ಟಾಪಿಲ್ವಲ್ಲಕ್ಕ?" ಎಂದ ಡ್ರೈವರ್ ಮಲ್ಲೇಶ.

"ಇವತ್ತಿಂದ ಇದೆ, ನಿಲ್ಸು."

ಜಗುಲಿಯಲ್ಲಿ ಬುದ್ಧನ ಪಟದ ಕೆಳಗೆ ಕೂತು ರಾಗಿ ಕೇರುತ್ತಿದ್ದ ಸುಜಾತಮ್ಮ ಎಂಬಾಕೆ, ನಾನು ಬಾಯಿ ತೆರೆಯುವ ಮೊದಲೇ ಮೊರದಿಂದಲೇ ದಾರಿ ತೋರಿಸಿದರು. ಹೊರಗೆ ಬಂದು ನೋಡುತ್ತೇನೆ, ಬಸ್ಸಿನ ಹೆಂಗಸರೆಲ್ಲ ಇಳಿದು ಸಾಲಾಗಿ ನಿಂತಿದ್ದಾರೆ. ಮುಂದೆ ಮಗಳ ಮನೆಗೆ ಹೊರಟಿದ್ದ ಸಿಂಗಟಗೆರೆಯ ಅಜ್ಜಿ, ಹಿಂದೆ ಒಬ್ಬ ಬಸುರಿ, ಕಾಲೇಜು ಹುಡುಗಿಯರು.

ಬಸ್ಸಿನ ಕಿಟಕಿಯಿಂದ ಒಬ್ಬ ಯಜಮಾನರು ತಲೆ ಹಾಕಿದರು. "ಏನ್ ಕಂಡಕ್ಟ್ರಮ್ಮ ಇದು? ನಂಗೆ ತಾಲ್ಲೂಕಾಫೀಸಲ್ಲಿ ಖಾತೆ ಕೆಲ್ಸ ಐತೆ. ಲೇಟಾಯ್ತದೆ."

ಅಜ್ಜಿ ತಿರುಗಿ ನೋಡಿದರು. "ನಿಂಗೇನಪ್ಪಾ, ಗೋಡೆ ಕಂಡ್ರೆ ಸಾಕು. ನಮ್ಗೆ ನಾಕು ಗೋಡೆ ಬೇಕು. ಸುಮ್ನೆ ಕೂತ್ಕೊ."

ಯಜಮಾನರು ತಲೆ ಒಳಗೆ ಎಳೆದುಕೊಂಡರು. ಹತ್ತುವಾಗ ಆ ಬಸುರಿ ನನ್ನ ಕೈ ಹಿಡಿದು, "ಅಕ್ಕ, ಈ ಬಸ್ಸಲ್ಲಿ ಬರೋ ದಿನ ನಾನು ಬೆಳಗಿಂದ ನೀರೇ ಕುಡೀತಿರ್ಲಿಲ್ಲ" ಎಂದಳು. ಅದುವರೆಗೆ ನಾಚಿಕೆಯಿಂದ ಬಗ್ಗಿದ್ದ ನನ್ನ ತಲೆ ಆಗ ತಾನಾಗಿ ಮೇಲೆದ್ದಿತು.

ಯಜಮಾನರು ಡಿಪೋಗೆ ದೂರು ಕೊಟ್ಟರು. ಮ್ಯಾನೇಜರು ಕರೆಸಿದರು. "ಊರೇ ಇಲ್ದಿರೋ ಕಡೆ ಬಸ್ ನಿಲ್ಸಿದ್ರಂತೆ?"

ಮಾತ್ರೆಯ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟೆ. "ಹೌದು ಸಾರ್. ನಾನಿಳಿದಿದ್ದು ಈ ಮಾತ್ರೆಯಿಂದ. ಆದ್ರೆ ನನ್ನ ಹಿಂದೆ ಇಳಿದೋರು ಯಾರೂ ಮಾತ್ರೆ ತಗೊಂಡೋರಲ್ಲ."

ಮ್ಯಾನೇಜರು ಪಟ್ಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ, "ಐದು ನಿಮಿಷ ಸಾಕಾ?" ಎಂದರು. ಸಾಕು ಎಂದೆ. ಕಡೂರಿನಿಂದ ಐದು ನಿಮಿಷ ಮೊದಲೇ ಹೊರಡುವಂತೆ ಸಮಯ ಬದಲಿಸಿಕೊಟ್ಟರು. ಸುಜಾತಮ್ಮ ಪಂಚಾಯಿತಿಯ ಬೆನ್ನು ಬಿಡದೆ ಕಾಡಿ, ರಸ್ತೆಯ ಬದಿಗೇ ನಲ್ಲಿ ಸಮೇತ ಒಂದು ಶೌಚಾಲಯ ಕಟ್ಟಿಸಿದರು. ನನ್ನ ಕಾಲು ಚಪ್ಪಲಿಯ ಅಳತೆಗೆ ಇಳಿಯಿತು, ಒತ್ತಡವೂ ಹಿಡಿತಕ್ಕೆ ಬಂತು.

ಆ ಜಾಗಕ್ಕೆ ಜನರೇ ಹೆಸರಿಟ್ಟರು: ನೀರಿನ ಮಾತ್ರೆ ಸ್ಟಾಪು. ಕೆಮ್ಮಣ್ಣುಗುಂಡಿ ನೋಡಿ ದಾರಿ ತಪ್ಪಿ ಬಂದವರಿಗೂ ಈಗ ಅದೇ ಗುರುತು ಹೇಳುತ್ತಾರೆ. "ನಿಮ್ಮ ವಂಶದಲ್ಲಿ ಯಾರಿಂದಾದ್ರೂ ಒಂದು ಸ್ಟಾಪ್ ಆಗಿದ್ಯಾ?" ಎಂದು ಮನೆಯಲ್ಲಿ ನನ್ನ ಗಂಡನನ್ನು ಕೇಳಿದ್ದೆ. "ಹೆಸರು ಮಾತ್ರೆದು ಕಣೇ, ನಿಂದಲ್ಲ" ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಮೊನ್ನೆ ಬಸ್ಸಿನಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು, ಈ ಸ್ಟಾಪಿಗೆ ಈ ಹೆಸರು ಹೇಗೆ ಬಂತು ಎಂದು ಪಕ್ಕದಾಕೆಯನ್ನು ಕೇಳಿದಳು. ನಾನು ಟಿಕೆಟ್ ಮಿಷನ್ ಹಿಡಿದು ಅಲ್ಲೇ ನಿಂತಿದ್ದೆ. ಸೀರೆಯ ಸೆರಗನ್ನು ಸ್ವಲ್ಪ ಸರಿಮಾಡಿಕೊಂಡೆ.

"ಹಿಂದೆ ಇಲ್ಲಿ ಯಾರೋ ಡಾಕ್ಟ್ರಿದ್ರಂತೆ ಕಣೇ" ಎಂದಳು ಪಕ್ಕದಾಕೆ. "ಭಾಳ ದೊಡ್ಡ ಮನುಷ್ಯರಂತೆ. ಈಗ ಅಂಥೋರು ಎಲ್ಲವ್ರೆ?"

ಇಬ್ಬರಿಗೂ ಟಿಕೆಟ್ ಕೊಟ್ಟು, "ಸ್ವಲ್ಪ ಒಳಗೆ ಹೋಗ್ರಮ್ಮ" ಎಂದು ಮುಂದೆ ಸರಿದೆ.