ಹೌಸಾ ಕ್ಲಾಸಿನ ಮೂರನೇ ಸೀಟು

ನಾನು ಸುಮ್ನೆ ಕೂತಿದ್ರೂ ಇಂಥವು ನನ್ನನ್ನೇ ಹುಡುಕ್ಕೊಂಡು ಬರ್ತವೆ. ಬೇರೆಲ್ಲೂ ಸೀಟ್ ಸಿಗದೆ, ಕ್ರೈಸ್ತ ಧರ್ಮ ಬೋಧನೆ ಜೊತೆಗೆ ಹೌಸಾ ಭಾಷೆ ಅನ್ನೋ ಡಿಪ್ಲೊಮಾ ಸೇರ್ಕೊಂಡೆ. ಹೌಸಾ ಅಂದ್ರೆ ನೈಜೀರಿಯಾ ಕಡೆ ಮಾತು. ನಮ್ಮದು ರಾಮಕೃಷ್ಣನಗರದ ಲಿಂಗಾಯತರ ಮನೆ. ಕ್ಲಾಸಲ್ಲಿ ಮೂರೇ ಜನ. ಒಬ್ರು ಬಿಟ್ರೂ ಕ್ಲಾಸ್ ಮುಚ್ಚಿ ಮೇಷ್ಟ್ರನ್ನ ಊರಿಗೆ ಕಳಿಸ್ತೀವಿ ಅಂದಿದ್ರು ಪ್ರಿನ್ಸಿಪಾಲರು. ನಂಗೋ, ಒಂದು ಕಡೆ ಕೂತ್ರೆ ಕಾಲಲ್ಲಿ ಇರುವೆ ಹರಿಯತ್ತೆ.

ಹಣೆ ಮೇಲಿನ ಬೂದಿ

ಅಜ್ಜಿ ದಿನಾ ಹಣೆಗೆ ವಿಭೂತಿ ಬಳಿದೇ ಕಳಿಸ್ತಿದ್ರು. ಮೇಷ್ಟ್ರು ನೈಜೀರಿಯಾದೋರು, ಜಯಲಕ್ಷ್ಮಿಪುರಂ ಬಾಡಿಗೆ ಮನೆ ಓನರಮ್ಮನ ಹತ್ರ ಕನ್ನಡ ಕಲ್ತೋರು. ಒಂದಷ್ಟು ದಿನ ನೋಡಿ ನನ್ನನ್ನ ಪಕ್ಕಕ್ಕೆ ಕರೆದ್ರು.

"ನಮ್ಮ ಚರ್ಚಲ್ಲಿ ಪಶ್ಚಾತ್ತಾಪಕ್ಕೆ ವರ್ಷಕ್ಕೊಂದು ದಿನ ಹಣೆಗೆ ಬೂದಿ ಇಡ್ತೀವಿ. ನೀನು ದಿನಾ ಇಡ್ತೀಯ. ಅಂಥ ಪಾಪ ಏನಪ್ಪಾ ಮಾಡಿದೀಯ?"

"ಇಲ್ಲಿ ಅಡ್ಮಿಷನ್ ಮಾಡಿಸ್ದೆ ಸಾರ್."

ಮೊದಲು ಕ್ಷೇಮ, ಆಮೇಲೆ ವಿಷಯ

ಹೌಸಾದವರು ಕ್ಷೇಮ ಪೂರ್ತಿ ವಿಚಾರಿಸದೆ ವಿಷಯಕ್ಕೇ ಬರಲ್ಲ. ಏನು ಕೇಳಿದ್ರೂ 'ಲಾಫಿಯಾ' ಅನ್ಬೇಕು, ಅಂದ್ರೆ ಚೆನ್ನಾಗಿದೆ ಅಂತ. ಒಂದಿನ ಏದುಸಿರು ಬಿಡ್ತಾ ಕ್ಲಾಸಿಗೆ ನುಗ್ಗಿದೆ.

"ಸಾರ್, ಹೊರಗಡೆ..."

"ಮೊದಲು ಕ್ಷೇಮ! ನಿದ್ದೆ ಚೆನ್ನಾಗಿ ಬಂತಾ?"

"ಲಾಫಿಯಾ. ಸಾರ್, ಅದು..."

"ಮನೆಯೋರು?"

"ಲಾಫಿಯಾ."

"ಕೆಲಸ? ಆಯಾಸ?"

"ಎಲ್ಲಾ ಲಾಫಿಯಾ ಸಾರ್!"

"ಶಹಬ್ಬಾಸ್. ಈಗ ಹೇಳು."

"ನಿಮ್ಮ ಸ್ಕೂಟರ್‌ನ ಪೊಲೀಸ್ರು ಲಾರಿಗೆ ಏರಿಸ್ತಿದ್ರು. ಇಷ್ಟೊತ್ತಿಗೆ ಠಾಣೆ ಮುಟ್ಟಿರತ್ತೆ."

ಸ್ಕೂಟರ್ ಕ್ಷೇಮ ಮಾತ್ರ ಅವರು ವಿಚಾರಿಸ್ಲಿಲ್ಲ.

ಪೋಷಕರು

ಕೊನೆಗೆ ತಡೀಲಾರದೆ ಕಾಲೇಜು ಬಿಡ್ತೀನಿ ಅಂದೆ. ಮನೆ ದೊಡ್ಡೋರು ಬರ್ಬೇಕು ಅಂದ್ರು. ಅಜ್ಜಿನ ಕರ್ಕೊಂಡ್ ಹೋದೆ. ಮೇಷ್ಟ್ರು ನಿದ್ದೆ, ಮನೆ, ಆಯಾಸ ಎಲ್ಲಾ ಕೇಳಿದ್ರು. ಅಜ್ಜಿ ಬಿಟ್ಟಾರಾ? ಮೇಷ್ಟ್ರ ಅಮ್ಮನ ಮಂಡಿ ನೋವು, ತಂಗಿ ಬಾಣಂತನ, ನೈಜೀರಿಯಾದಲ್ಲಿ ಬದನೆಕಾಯಿ ಸಿಗತ್ತಾ ಅಂತ ಎಲ್ಲಾ ಕೇಳಿದ್ರು. ನನ್ನ ವಿಷಯ ಬರೋ ಹೊತ್ತಿಗೆ ಮಧ್ಯಾಹ್ನದ ಬೆಲ್ಲಾಯ್ತು.

"ಇವನು ಹೋದ್ರೆ ಕ್ಲಾಸ್ ಮುಚ್ಚತ್ತೆ ಅಜ್ಜಿ. ನಾನೂ ಊರಿಗೆ ಹೋಗ್ಬೇಕು," ಅಂದ್ರು ಮೇಷ್ಟ್ರು, ಸಪ್ಪಗೆ.

ಅಜ್ಜಿ ನನ್ನ ಕಡೆ ತಿರುಗಿ, "ಎದ್ದೇಳೋ ಆ ಬೆಂಚಿಂದ," ಅಂದ್ರು. ಅವರೇ ಕೂತ್ಬುಟ್ರು. ಡಿಪ್ಲೊಮಾಗೆ ವಯಸ್ಸಿನ ಮಿತಿ ಇಲ್ಲವಂತೆ. ಕ್ಲಾಸ್ ಉಳೀತು, ಮೇಷ್ಟ್ರೂ ಉಳಿದ್ರು.

ಮೊನ್ನೆ ಕಾಲೇಜಿಂದ ಮನೆಗೆ ಫೋನ್. ಅಜ್ಜಿ ಕ್ಲಾಸಲ್ಲಿ ತುಂಬಾ ಮಾತಾಡ್ತಾರಂತೆ, ಪೋಷಕರು ಬಂದು ಕಾಣ್ಬೇಕಂತೆ. ಮನೇಲಿ ಖಾಲಿ ಇರೋನು ನಾನೊಬ್ನೇ. ಹೊರಟೆ.

ಗೇಟಲ್ಲೇ ಅಜ್ಜಿ ಅಡ್ಡ ಬಂದು ಪಿಸುಗುಟ್ಟಿದ್ರು: "ತಲೆ ಬಾಚ್ಕೊಂಡು ಬಾ ಕಣೋ. ಎಂಥಾ ಮನೆತನದಿಂದ ಬಂದಿದ್ದಾಳಪ್ಪಾ ಹುಡುಗಿ ಅನ್ಕೋತಾರೆ."