ಲಾಭದಿಂದ ಎಣಿಸಿದ ಲೋಲಕ

ಮಾಬ್ಲ ಮಾಸ್ತರರ ಲೋಲಕ ಬೆಳಗಿನಿಂದ ಎರಡು ಸೆಕೆಂಡು ಕದಿಯುತ್ತಿತ್ತು. ಬಲೆಗೆ ಕಟ್ಟುವ ಸೀಸದ ಗುಂಡಿಗೆ ಒಂದು ಮೀಟರ್ ದಾರ ಕಟ್ಟಿ ತೂಗಿಬಿಟ್ಟರೆ, ಇಪ್ಪತ್ತು ಸಲ ಹೋಗಿ ಬರಲು ನಲವತ್ತು ಸೆಕೆಂಡು ಬೇಕೆಂದು ಪುಸ್ತಕ ಹೇಳುತ್ತದೆ. ಇಲ್ಲಿ ಮೂವತ್ತೆಂಟಕ್ಕೇ ಮುಗಿಯುತ್ತಿತ್ತು.

ಬಾಡ ಊರಿನ ಕಡೆಯ ಆ ಹೈಸ್ಕೂಲಿನಲ್ಲಿ ಮಾಬ್ಲರು ಆರು ವರ್ಷದಿಂದ ಹಂಗಾಮಿ. ಅಂದು ಮೂರು ಗಂಟೆಗೆ ಇನ್ಸ್ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ ಒಪ್ಪಿದರೆ ನೌಕರಿ ಕಾಯಂ. ಪಾಠವೋ, ‘ಅಳತೆಯ ದೋಷ ಗುರುತಿಸುವುದು’. ಗ್ರಹಚಾರ ಅಂದರೆ ಇದೇ ನೋಡಿ.

“ಉಪ್ಪಿನ ಹವೆಗೆ ದಾರ ಕುಗ್ಗಿದ್ದು ಮಾರಾಯ” ಎಂದರು ಡ್ರಿಲ್ ಮಾಸ್ತರ ಹರಿಹರ. ಅಳೆದರೆ ನೂರು ಸೆಂಟಿಮೀಟರ್ ಸರಿಯಾಗಿತ್ತು. “ಗಾಳಿ, ಗಾಳಿ” ಎಂದರು ಹೆಡ್‌ಮಾಸ್ತರು. ಕಿಟಕಿ ಮುಚ್ಚಿಸಿದರೆ ಮಕ್ಕಳು ಬೆವೆತರೇ ಹೊರತು ಲೋಲಕ ಜಗ್ಗಲಿಲ್ಲ. “ನಿನ್ನ ವಾಚೇ ನಿಧಾನ” ಎಂದು ಹರಿಹರ ತಮ್ಮ ವಾಚು ಬಿಚ್ಚಿಕೊಟ್ಟರು. ಅದರಲ್ಲೂ ಮೂವತ್ತೆಂಟೇ. ಮಾಬ್ಲರಿಗೆ ಊಟವೂ ಸೇರಲಿಲ್ಲ.

ಎರಡೂವರೆಗೆ ಕಸ ಗುಡಿಸಲು ಬಂದ ಸಣ್ಣಮ್ಮ ಪೊರಕೆ ಹಿಡಿದು ನಿಂತಳು. ಗುಂಡು ಬಿಟ್ಟೊಡನೆ ಮಕ್ಕಳು ಒಕ್ಕೊರಲಿನಿಂದ “ಲಾಭ, ಎರಡು, ಮೂರು” ಎಂದು ಎಣಿಸತೊಡಗಿದರು.

“ಇದೆಂತ ಎಣಿಕೆ ಮಾಸ್ತರೇ? ಕೊಳಗ ತುಂಬಿ ಸುರಿದ ಮೇಲಲ್ವಾ ಲಾಭ ಅಂಬೂದು? ನಿಮ್ಮ ಮಕ್ಕಳು ಖಾಲಿ ಕೊಳಗ ಎತ್ತೂಕೇ ಲಾಭ ಅಂತ್ರು.”

ಭತ್ತ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುವುದು ಈ ಕಡೆಯ ರೂಢಿ. ಹಿರೇಗುತ್ತಿಯ ಭತ್ತದ ಮನೆಯಲ್ಲಿ ಬೆಳೆದ ಮಾಬ್ಲರ ಕಿವಿಗೆ ಅದು ಎಷ್ಟು ಸಲೀಸಾಗಿತ್ತೆಂದರೆ, ಗುಂಡು ಒಮ್ಮೆಯೂ ಹೋಗಿ ಬರುವ ಮೊದಲೇ ಒಂದು ಲೆಕ್ಕವಾಗುತ್ತಿದ್ದುದು ಗೊತ್ತೇ ಆಗಿರಲಿಲ್ಲ. ಇಪ್ಪತ್ತೆಂದು ಎಣಿಸಿದ್ದು ಹತ್ತೊಂಬತ್ತೇ. ತಿದ್ದಿ ಎಣಿಸಿದರು. ಸರಿಯಾಗಿ ನಲವತ್ತು ಸೆಕೆಂಡು. ಮಾಬ್ಲರಿಗೆ ಸಣ್ಣಮ್ಮನ ಕಾಲಿಗೆ ಬೀಳೋಣ ಅನ್ನಿಸಿತು.

ಮೂರಕ್ಕೆ ಸಾಹೇಬರು ಬಂದರು. “ನಾನೇ ಎಣಿಸ್ತೆ” ಎಂದು ಗುಂಡು ಬಿಟ್ಟು, ಕೂಡಲೇ “ಲಾಭ” ಎಂದರು. ಮುಂದಿನ ಬೆಂಚಿನ ಕಮಲಿ, “ಸರ್, ಅದು...” ಎಂದು ಎದ್ದಳು. ಮಾಬ್ಲರು ಕಣ್ಣು ಕೆಕ್ಕರಿಸಿ ಕೂರಿಸಿದರು. ಕಾಯಂ ಮಾಡುವ ಕೈಯ ತಪ್ಪು ಹಿಡಿಯುವವರುಂಟೇ?

“ಮೂವತ್ತೆಂಟು ಸೆಕೆಂಡು. ಸರಿ ಆತಾ ಮಾಸ್ತರೇ?”

“ಸರಿ ಆತು ಸರ್. ನೀವು ಎಣಿಸಿದ ಮೇಲೆ ತಪ್ಪು ಎಲ್ಲಿಂದ ಬರೂದು?”

ಸಾಹೇಬರು ನಗಲಿಲ್ಲ. “ನಮ್ಮದೂ ಭತ್ತದ ಮನೆಯೇ. ಬೇಕಂತ್ಲೇ ತಪ್ಪು ಎಣಿಸಿದ್ದೆ, ನೀವು ಹಿಡೀತ್ರೋ ನೋಡ್ವಾ ಅಂತ. ಆ ಹುಡುಗಿ ಹಿಡಿದಳು, ನೀವು ಅವಳ ಬಾಯಿ ಮುಚ್ಚಿಸಿದ್ರಿ.” ಹೆಡ್‌ಮಾಸ್ತರರ ಎದುರೇ ತಪಾಸಣೆಯ ಪುಸ್ತಕದಲ್ಲಿ ಬರೆದರು: ಮಕ್ಕಳು ಚುರುಕು, ಮಾಸ್ತರು ಇನ್ನೊಂದು ವರ್ಷ ಹಂಗಾಮಿ.

ಸಂಜೆ ಕೋಣೆಗೆ ಬೀಗ ಹಾಕುತ್ತ ಸಣ್ಣಮ್ಮ ಕೇಳಿದಳು: “ತಪ್ಪಾತು ಅಂತ ಸಾಹೇಬ್ರಿಗೆ ಹೇಳೂಕೆ ಎಂತ ಹೆದ್ರಿಕೆ ಮಾಸ್ತರೇ? ನಾನು ನಿಮಗೆ ಹೇಳ್ಲಿಲ್ವಾ?”