ಬರೀ ಕಾಲು ಸುತ್ತು

ಹೆಂಡತಿಗೆ ಉಡುಗೊರೆ ಕೊಡಬೇಕೆಂದಿರುವ ಗಂಡಂದಿರಿಗೆ ನನ್ನದೊಂದು ಕಿವಿಮಾತು. ಕಿವಿಗೆ ಓಲೆ ಕೊಡಿ, ಕಾಲಿಗೆ ಬೂಟು ಕೊಡಿ, ತೀರಾ ಪ್ರೀತಿ ಉಕ್ಕಿದರೆ ಒಂದು ಕುದುರೆಯನ್ನೇ ತಂದು ಹಿತ್ತಲಲ್ಲಿ ಕಟ್ಟಿ. ಆದರೆ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಯಾವುದನ್ನೂ ಕೊಡಬೇಡಿ. ಕೊಟ್ಟರೂ, “ನೀನು ಮುಟ್ಟಬೇಡ, ನಾನೇ ಎಲ್ಲಾ ರೆಡಿ ಮಾಡಿ ಕೊಡ್ತೀನಿ” ಎಂಬ ಮಾತನ್ನು ಮಾತ್ರ ಅಪ್ಪಿತಪ್ಪಿಯೂ ಆಡಬೇಡಿ.

ನಾನು ಆಡಿದೆ. ಅದಕ್ಕೇ ಈ ಕಥೆ.

ನನ್ನ ಹೆಂಡತಿ ಟ್ವೈಲಾ ನಮ್ಮೂರ ಶಾಲೆಯ ಅಡುಗೆಮನೆಯ ಯಜಮಾನಿ. ಊಟದ ಹೊತ್ತಿನಲ್ಲಿ ಇಡೀ ಶಾಲೆಯ ಗಲಾಟೆಯನ್ನು ಒಂದು ಸೌಟು ತೋರಿಸಿ ನಿಲ್ಲಿಸಬಲ್ಲವಳು. ಮದುವೆಗೆ ಮುಂಚೆ ಮಿಷಿಗನ್ನಿನ ಈ ಭಾಗದ ಮಣ್ಣಿನ ಟ್ರ್ಯಾಕುಗಳಲ್ಲೆಲ್ಲ ಬೈಕು ಓಡಿಸಿ ಗಂಡುಹುಡುಗರ ಮುಖಕ್ಕೆ ಕೆಸರು ಹಾರಿಸಿದವಳು. ಆಮೇಲೆ ನಾನು ಬಂದೆ, ಮಗಳು ಬಂದಳು, ಬೈಕು ಹೋಯಿತು. ಹೋಯಿತೆಂದು ಅವಳು ಒಂದು ದಿನವೂ ಗೊಣಗಿದವಳಲ್ಲ. (ಗೊಣಗಿದ್ದರೆ ನಾನೂ ಎರಡು ಮಾತು ತಿರುಗಿ ಅಂದು ನೆಮ್ಮದಿಯಾಗಿರುತ್ತಿದ್ದೆ.)

ಪ್ರತಿ ಮೇ ತಿಂಗಳು, ತಾಯಂದಿರ ದಿನದ ಹಿಂದಿನ ಶನಿವಾರ, ನಮ್ಮೂರಾಚೆಯ ಟ್ರ್ಯಾಕಿನಲ್ಲಿ ಅಮ್ಮಂದಿರ ರೇಸು ನಡೆಯುತ್ತದೆ. ಓಡಿಸಬೇಕಾದದ್ದು ಪಿಟ್ ಬೈಕು. ಅಂದರೆ ಮೊಣಕಾಲೆತ್ತರದ ಪುಟಾಣಿ ಬೈಕು. ಬೆಳೆದವರು ಹತ್ತಿ ಕೂತರೆ ಮಂಡಿ ಕಿವಿಗೆ ತಾಗುತ್ತದೆ. ಕೆಲವು ವರ್ಷಗಳಿಂದ ಇದನ್ನು ಗೆಲ್ಲುತ್ತಿರುವವಳು ಕ್ಷೌರದಂಗಡಿಯ ಲವರ್ನ್. ಗೆದ್ದ ಕಪ್ಪನ್ನು ಅವಳು ತನ್ನ ಅಂಗಡಿಯ ಕನ್ನಡಿಯ ಮುಂದೆಯೇ ಇಟ್ಟಿದ್ದಾಳೆ. ಊರಿನಲ್ಲಿರುವುದು ಅದೊಂದೇ ಅಂಗಡಿ. ಟ್ವೈಲಾ ಕೂದಲು ಕತ್ತರಿಸಿಕೊಳ್ಳಲು ಹೋದಾಗಲೆಲ್ಲ ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಆ ಕಪ್ಪನ್ನೇ ನೋಡುತ್ತ ಕೂರಬೇಕು. ಈ ಸಲ ಹಾಗೆ ಕೂತು ಬಂದವಳು ಸಾರಿಗೆ ಉಪ್ಪು ಹಾಕುತ್ತ, “ಒಂದೇ ಒಂದ್ಸಲ ಅವಳನ್ನ ಸೋಲಿಸ್ಬೇಕು ಕಣೋ ವರ್ಲಿನ್, ಆಮೇಲೆ ಸತ್ತರೂ ಪರವಾಗಿಲ್ಲ” ಎಂದಳು. ಮಾರನೆಯ ದಿನವೇ ನಾನು ಬೈಕಿಗೆ ಆರ್ಡರು ಕೊಟ್ಟೆ.

ಪೆಟ್ಟಿಗೆ ಬಂದ ದಿನ ಅವಳು ಅತ್ತಳು. ಆ ಭಾವೋದ್ವೇಗದಲ್ಲೇ ಮೇಲೆ ಹೇಳಿದ ಮಾತು ನನ್ನ ಬಾಯಿಂದ ಜಾರಿದ್ದು.

ಅಂದ ಹಾಗೆ, ಆ ರೇಸಿಗೊಂದು ಕಟ್ಟಳೆಯಿದೆ. ಹೊರಡುವ ಗೆರೆಯ ಮೇಲೆ ಎಲ್ಲರೂ ಇಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ (ಈ ಬೈಕುಗಳಿಗೆ ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ), ಎರಡೂ ಕೈಗಳನ್ನು ಹೆಲ್ಮೆಟ್ಟಿನ ಮೇಲಿಟ್ಟುಕೊಂಡು ಕೂರಬೇಕು. ಬಾವುಟ ಬಿದ್ದ ಮೇಲೆಯೇ ಕೈ ಹ್ಯಾಂಡಲಿಗೆ. ಅಷ್ಟು ಹೊತ್ತೂ ಆಕ್ಸಿಲರೇಟರ್ ತಿರುವುವವರಿಲ್ಲದೆ ಇಂಜಿನ್ ತನ್ನ ಪಾಡಿಗೆ ತಾನು ಟುಕುಟುಕು ಎನ್ನುತ್ತಿರಬೇಕು. ಇದಕ್ಕೆ ಐಡ್ಲಿಂಗ್ ಎನ್ನುತ್ತಾರೆ. (ಭಾನುವಾರ ನಾನು ಸೋಫಾದ ಮೇಲೆ ಮಾಡುವುದಕ್ಕೂ ಟ್ವೈಲಾ ಇದೇ ಹೆಸರಿಟ್ಟಿದ್ದಾಳೆ.) ಅದನ್ನು ಹೆಚ್ಚುಕಮ್ಮಿ ಮಾಡಲು ಕಾರ್ಬ್ಯುರೇಟರಿನಲ್ಲೊಂದು ಪುಟ್ಟ ಸ್ಕ್ರೂ ಇರುತ್ತದೆ. ಸಡಿಲವಾದರೆ ಇಂಜಿನ್ ಸಾಯುತ್ತದೆ. ಬಿಗಿಯಾದರೆ ಬೈಕು ಸವಾರನ ಅಪ್ಪಣೆಗೆ ಕಾಯದೆ ಹೊರಟುಬಿಡುತ್ತದೆ.

ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಬೆರೆಸಿ ಕೊಡುವವನು. ಆದರೂ ಇಂಜಿನ್ ವಿದ್ಯೆಯಲ್ಲಿ ನನಗೆ ಅಪಾರ ಆತ್ಮವಿಶ್ವಾಸ. ನಮ್ಮ ಮನೆಯ ಹುಲ್ಲು ಕತ್ತರಿಸುವ ಯಂತ್ರ ನನ್ನ ಕೈಯಲ್ಲೇ ಮುದಿಯಾಗಿದೆ. ಅದರ ಚೋಕ್ ಕಡ್ಡಿ ಕೆಳಗಿದ್ದರೆ ಚೋಕ್ ಹಾಕಿದ ಹಾಗೆ, ಮೇಲಿದ್ದರೆ ತೆಗೆದ ಹಾಗೆ. ತಣ್ಣಗಿರುವಾಗ ಗಾಳಿ ಕಮ್ಮಿ ಮಾಡಿ ಪೆಟ್ರೋಲು ಜಾಸ್ತಿ ಕುಡಿಸಲು ಚೋಕ್ ಹಾಕಬೇಕು, ಬಿಸಿಯಾದ ಮೇಲೆ ತೆಗೆಯಬೇಕು. ಲೋಕದ ಚೋಕ್‌ಗಳೆಲ್ಲ ನನ್ನ ಹುಲ್ಲಿನ ಯಂತ್ರದ ಬಳಿಯೇ ಪಾಠ ಹೇಳಿಸಿಕೊಂಡು ಬಂದಿವೆಯೆಂದು ನಾನು ನಂಬಿದ್ದೆ.

ಬೈಕು ಜೋಡಿಸಿ ಮುಗಿಯಿತು. (ಎರಡು ಬೋಲ್ಟು ಉಳಿದವು. ಕಂಪನಿಯವರ ಧಾರಾಳತನ.) ಕಡ್ಡಿ ಕೆಳಗೆ ಒತ್ತಿ ಕಿಕ್ ಹೊಡೆದೆ. ಸದ್ದಿಲ್ಲ. ಬೆವರು ಕಿತ್ತುಕೊಂಡು ಬರುವವರೆಗೂ ಹೊಡೆದೆ. ಕೊನೆಗೆ ಸಿಟ್ಟಿನಿಂದ ಕಡ್ಡಿ ಮೇಲೆತ್ತಿ ಒದ್ದೆ ನೋಡಿ, ಫಟಫಟನೆ ಹತ್ತಿಕೊಂಡಿತು! “ಈ ಬೈಕಿಗೆ ಚೋಕ್ ಕಂಡರೆ ಆಗಲ್ಲ” ಎಂದು ಘನವಾದ ತೀರ್ಮಾನಕ್ಕೆ ಬಂದೆ. ಸ್ವಲ್ಪ ಹೊತ್ತಿಗೆ ಇಂಜಿನ್ ಬಿಸಿಯಾಯಿತು, ಕೆಮ್ಮಿತು, ಕಪ್ಪು ಹೊಗೆ ಕಾರಿತು, ಸತ್ತಿತು. ಐಡ್ಲಿಂಗ್ ಸಾಲದು ಎಂದುಕೊಂಡು ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದೆ.

ನಮ್ಮೂರಲ್ಲಿ ಗ್ಯಾರೇಜಿನ ಬಾಗಿಲು ಮೇಲೆತ್ತಿದರೆ ಮನೆಮನೆಗೆ ಆಮಂತ್ರಣ ಕೊಟ್ಟ ಹಾಗೆ. ಗಂಡಸರು ಮಡಚುವ ಕುರ್ಚಿ ಒಂದು ಕೈಯಲ್ಲಿ, ಬಿಯರು ಇನ್ನೊಂದು ಕೈಯಲ್ಲಿ ಹಿಡಿದು ಬಂದೇಬಿಡುತ್ತಾರೆ. ಮೊದಲು ಬಂದವನು ಪಕ್ಕದ ಮನೆಯ ಹಾರ್ಲನ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಹಿಂದೆಯೇ ಟ್ವೈಲಾಳ ತಮ್ಮ ಡೆನಿ. ಅವನು ದೋಣಿ ಮಾರುವವನು.

“ನಮ್ಮ ಬಸ್ಸಿಗೂ ಹಿಂಗೇ ಆಗ್ತಿತ್ತು,” ಎಂದ ಹಾರ್ಲನ್. “ಸ್ಕ್ರೂ ಕಾಲು ಸುತ್ತು ಬಿಗಿ ಮಾಡು.”

“ಅದು ಡೀಸೆಲ್ ಬಸ್ಸಲ್ವೇನೋ?” ಎಂದೆ.

“ಇಂಜಿನ್ ಇಂಜಿನ್ನೇ ಕಣಯ್ಯಾ. ಕೊಡಿಲ್ಲಿ.”

ಅವನು ಕಾಲು ಸುತ್ತು ತಿರುಗಿಸಿದ. ಡೆನಿ, “ದೋಣಿಗಾದ್ರೆ ಇಷ್ಟು ಸಾಲಲ್ಲ ಭಾವ” ಎಂದು ಇನ್ನೊಂದು ಕಾಲು ಸುತ್ತು ತಿರುಗಿಸಿದ. ಬೈಕು ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬದುಕಿ ಸತ್ತಿತು. ಮೂವರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಮರುದಿನವೂ ಇದೇ, ಅದರ ಮರುದಿನವೂ ಇದೇ. ಬಂದವರೆಲ್ಲ ತಲೆಗೊಂದು ಕಾಲು ಸುತ್ತು ಸೇವೆ ಸಲ್ಲಿಸಿ ಹೋದರು. ತಿರುಗಿಸದೆ ಹೋದರೆ ಮನೆಯವನಿಗೆ ಅವಮಾನ ಎಂಬಂತೆ ಪೋಸ್ಟ್‌ಮನ್ ಕೂಡ ಬಂದು ತಿರುಗಿಸಿದ.

ಟ್ವೈಲಾ ದಿನವೂ ಬಾಗಿಲಲ್ಲಿ ನಿಂತು, “ನಾನೊಂದ್ಸಲ ನೋಡ್ಲಾ?” ಎನ್ನುವಳು.

“ನೀನು ಉಡುಗೊರೆ ತಗೊಳ್ಳೋಳು. ಒಳಗೆ ಹೋಗಿ ಆರಾಮಾಗಿ ಕೂತ್ಕೋ.”

“ಶನಿವಾರ ರೇಸಿದೆ, ಗೊತ್ತು ತಾನೆ?”

“ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ. ನಿನ್ನ ಕೈ ಮೇಲಿಲ್ಲ” ಎಂದು ನಗುತ್ತ ಒಳಗೆ ಹೋಗುವಳು. ಹೋಗುವಾಗ ಭುಜದ ಮೇಲೆ ಕೈಯಿಟ್ಟು ಹೋಗುವಳು. ಅವಳ ಪ್ರೀತಿ ಅಂಥದ್ದು. ನನ್ನ ದಡ್ಡತನಕ್ಕೆ ಜಾಗ ಬಿಟ್ಟು ಕೊಡುವಂಥದ್ದು.

ಗುರುವಾರ ಅವಳ ತಾಳ್ಮೆ ಮುಗಿಯಿತು. ನಾನು ಬೈಕಿನ ಮೇಲೆ ಕೂತು ಗೇರಿಗೆ ಹಾಕಿದ್ದೆ. ಇಂಜಿನ್ ಕೆಮ್ಮುತ್ತಿತ್ತು, ಗ್ಯಾರೇಜು ಹೊಗೆಯಿಂದ ತುಂಬಿತ್ತು. ಸೀದಾ ಬಂದವಳೇ ಬಗ್ಗಿ, “ಈ ಚೋಕ್ ಯಾಕೋ ಹಾಕೇ ಇಟ್ಟಿದ್ದೀಯ?” ಎಂದಳು.

“ಹಾಕಿಲ್ವೇ! ಮೇಲಿದೆ ನೋಡು. ಮೇಲಿದ್ರೆ ತೆಗೆದ ಹಾಗೆ.”

“ಇದರಲ್ಲಿ ಮೇಲಿದ್ರೆ ಹಾಕಿದ ಹಾಗೆ!” ಎಂದವಳೇ ಕಡ್ಡಿಯನ್ನು ಟಕ್ಕನೆ ಕೆಳಗೆ ಒತ್ತಿದಳು.

ಉಸಿರುಕಟ್ಟಿದ್ದ ಇಂಜಿನಿಗೆ ಗಾಳಿ ಸಿಕ್ಕಿತು. ಊರಿನ ಗಂಡಸರೆಲ್ಲ ಸೇರಿ ಕೂಡಿಟ್ಟಿದ್ದ ಕಾಲು ಸುತ್ತುಗಳೆಲ್ಲ ಒಟ್ಟಿಗೇ ಎಚ್ಚರವಾದವು. ಬೈಕು ಚೀರಿಕೊಂಡು ಹಾರಿತು. ಜೊತೆಗೆ ನಾನೂ. ಹಾರ್ಲನ್ ಕುರ್ಚಿ ಸಮೇತ ಪಕ್ಕಕ್ಕೆ ಉರುಳಿ ಪ್ರಾಣ ಉಳಿಸಿಕೊಂಡ. ನಾನು ಅವನ ಅಂಗಳ ದಾಟಿ, ಅವನ ಹೆಂಡತಿ ಮೇವಿಸ್ ಮಗುವಿನಂತೆ ಸಾಕಿದ್ದ ಟ್ಯುಲಿಪ್ ಮಡಿಗಳಲ್ಲಿ ಒಂದು ದಾರಿ ಕಡಿದು, ಗೊಬ್ಬರದ ರಾಶಿಯಲ್ಲಿ ವಿಶ್ರಾಂತಿ ಪಡೆದೆ.

“ವರ್ಲಿನ್! ಪೆಟ್ಟಾಯ್ತೇನೋ?” ಎಂದು ಟ್ವೈಲಾ ಓಡಿ ಬಂದಳು. ಬೈಕಿನ ಕಡೆಗಲ್ಲ, ನನ್ನ ಕಡೆಗೇ ಓಡಿ ಬಂದಳು ಎಂಬುದನ್ನು ಓದುಗರು ಗಮನಿಸಬೇಕು. (ಪೆಟ್ಟಾಗಿಲ್ಲ ಎಂದು ತಿಳಿದ ಮೇಲೆ ಬೈಕಿನ ಕಡೆ ಹೋದಳು. ಅಲ್ಲಿ ಹೆಚ್ಚು ಹೊತ್ತು ಇದ್ದಳು.)

ಶುಕ್ರವಾರ ಅವಳೇ ಕೂತು ಬೈಕು ಸರಿಮಾಡಿದಳು. ಚೋಕ್ ಹಾಕಿ ಹತ್ತಿಸಿದಳು, ಬಿಸಿಯಾದ ಮೇಲೆ ತೆಗೆದಳು. ನಮ್ಮ ಸುತ್ತುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಕಿವಿಗೊಟ್ಟು, ಇನ್ನಿಷ್ಟು ಬಿಚ್ಚಿ, ಕೈ ನಿಲ್ಲಿಸಿದಳು. ಬೈಕು ತೊಟ್ಟಿಲ ಕೂಸಿನ ಹಾಗೆ ತನ್ನಷ್ಟಕ್ಕೆ ಗುನುಗತೊಡಗಿತು.

“ಕೇಳು,” ಎಂದಳು ನನ್ನ ಗಲ್ಲ ಹಿಡಿದು. “ಇದು ಈಗ ಸರಿಯಾಗಿದೆ. ಮುಟ್ಟಬೇಡ. ನಿನ್ನ ದಮ್ಮಯ್ಯ, ಕಾಲು ಸುತ್ತು ಕೂಡ ತಿರುಗಿಸಬೇಡ.”

“ಮುಟ್ಟಲ್ಲ” ಎಂದೆ.

“ಹೂಂ” ಎಂದಳು. ಆ ‘ಹೂಂ’ನಲ್ಲಿ ನನ್ನ ಬಗ್ಗೆ ಅವಳಿಗಿದ್ದ ಅಷ್ಟೂ ವರ್ಷಗಳ ಅನುಭವ ತುಂಬಿತ್ತು.

ಶನಿವಾರ ಬೆಳಿಗ್ಗೆ ಬೇಗ ಎಚ್ಚರವಾಯಿತು. ಟ್ವೈಲಾ ಇನ್ನೂ ಮಲಗಿದ್ದಳು. ಗ್ಯಾರೇಜಿಗೆ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಕೈಯಲ್ಲಿ ಸ್ಕ್ರೂಡ್ರೈವರಿತ್ತು. ಅದು ಹೇಗೆ ಬಂತು ಎಂದೂ ಕೇಳಬೇಡಿ. ಗೆರೆಯ ಮೇಲೆ ಕೈಯೆತ್ತಿ ಕೂತಾಗ ಇಂಜಿನ್ ನಿಂತುಬಿಟ್ಟರೆ ನನ್ನ ಹೆಂಡತಿಯ ಗತಿಯೇನು? ಸುಮ್ಮನೆ, ಭದ್ರತೆಗೆ, ಬರೀ ಕಾಲು ಸುತ್ತು? ಋಷಿಮುನಿಗಳ ತಪಸ್ಸು ಕೆಡಿಸಲು ಏನೇನೋ ಬರುತ್ತಿತ್ತಂತೆ. ನನಗೆ ಆ ಪುಟ್ಟ ಸ್ಕ್ರೂ ಒಂದೇ ಸಾಕಾಗಿತ್ತು. ಆದರೆ ಅವಳು ದಮ್ಮಯ್ಯ ಅಂದಿದ್ದಳು. ನಾನು ಸ್ಕ್ರೂಡ್ರೈವರನ್ನು ಒಯ್ದು ಹಾರ್ಲನ್ ಮನೆಯ ಬಾಗಿಲು ಬಡಿದು, “ಇದನ್ನ ನೀನಿಟ್ಕೋ, ನಾನು ಕೇಳಿದ್ರೂ ಕೊಡಬೇಡ” ಎಂದು ಅವನ ಕೈಗೆ ಕೊಟ್ಟು ಬಂದೆ. ನನ್ನ ಬಾಳಿನಲ್ಲಿ ನನ್ನ ಬಗ್ಗೆ ನನಗೇ ಅಷ್ಟು ಹೆಮ್ಮೆಯಾದದ್ದಿಲ್ಲ.

ಟ್ರ್ಯಾಕಿನಲ್ಲಿ ಜನವೋ ಜನ. ಸಾಸೇಜು ಸುಡುವ ವಾಸನೆ, ಪೆಟ್ರೋಲಿನ ವಾಸನೆ. ಟ್ವೈಲಾ ಬೈಕು ಬಿಸಿಮಾಡಿ, ಚೋಕ್ ತೆಗೆದು, ಆಕ್ಸಿಲರೇಟರಿನಿಂದ ಕೈ ತೆಗೆಯದೆಯೇ ಒಂದು ಸುತ್ತು ಹೊಡೆದು ಗೆರೆಗೆ ಬಂದು ನಿಂತಳು. ಪಕ್ಕದಲ್ಲೇ ಲವರ್ನ್. ಹೆಲ್ಮೆಟ್ಟಿನೊಳಗೆ ಟ್ವೈಲಾಳ ಕಣ್ಣು ನೋಡಿದೆ. ನಾನು ಮೊದಲ ಸಲ ನೋಡಿದ ಹುಡುಗಿಯೇ ಅಲ್ಲಿದ್ದಳು. ಬಾವುಟದವನು ಕೂಗಿದ. ಅಮ್ಮಂದಿರೆಲ್ಲ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡರು.

ಟುಕುಟುಕು… ಟುಕು… ಟು.

ಟ್ವೈಲಾಳ ಬೈಕು ಸತ್ತಿತು.

ಅದೇ ಗಳಿಗೆಗೆ ಬಾವುಟ ಬಿತ್ತು. ಉಳಿದವರು ಕೆಸರೆರಚಿ ಮಾಯವಾದರು. ಇವಳು ಎದ್ದು ನಿಂತು ಕಿಕ್ ಹೊಡೆದಳು, ಹೊಡೆದಳು, ಮತ್ತೆ ಹೊಡೆದಳು. ಹತ್ತಿಕೊಂಡಾಗ ಲವರ್ನ್ ಮೊದಲ ತಿರುವು ದಾಟಿಯಾಗಿತ್ತು. ಆಮೇಲೆ ನನ್ನ ಹೆಂಡತಿ ಓಡಿಸಿದ್ದನ್ನು ನೋಡಬೇಕಿತ್ತು ನೀವು! ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು. ನಾನೂ ಹಾರ್ಲನ್ನೂ ತಬ್ಬಿಕೊಂಡು ಕುಣಿದೆವು. ಕೊನೆಯ ಗೆರೆಯಲ್ಲಿ ಅವಳಿಗೂ ಲವರ್ನ್‌ಗೂ ಇದ್ದ ಅಂತರ ಒಂದು ಚಕ್ರದಷ್ಟು. ಲವರ್ನಳ ಚಕ್ರ ಮುಂದಿತ್ತು.

ಟ್ವೈಲಾ ಬೈಕು ತಳ್ಳಿಕೊಂಡು ಬಂದಳು. ಮೈಯೆಲ್ಲ ಕೆಸರು. ಹೆಲ್ಮೆಟ್ಟು ತೆಗೆದು ನೇರವಾಗಿ ನನ್ನನ್ನೇ ನೋಡಿದಳು.

“ಸ್ಕ್ರೂ ಎಷ್ಟು ತಿರುಗಿಸ್ದೆ, ನಿಜ ಹೇಳು.”

“ತಿರುಗಿಸಿಲ್ಲ! ದೇವರಾಣೆ!” ಎಂದೆ.

“ಕಾಲು ಸುತ್ತೂ ಇಲ್ವಾ?”

“ಮುಟ್ಟೇ ಇಲ್ಲ! ಬೇಕಾದ್ರೆ ಹಾರ್ಲನ್‌ನ ಕೇಳು. ಸ್ಕ್ರೂಡ್ರೈವರ್ ಅವನ ಹತ್ರ ಒತ್ತೆ ಇಟ್ಟು ಬಂದಿದ್ದೀನಿ!”

ಹಾರ್ಲನ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಸಾಕ್ಷಿ ಹೇಳಿದ. ಟ್ವೈಲಾ ಅವನ ಮಡಚುವ ಕುರ್ಚಿಯಲ್ಲಿ ಕುಸಿದು ಕೂತಳು.

“ಅಯ್ಯೋ ನನ್ನ ಕರ್ಮವೇ! ನಿನ್ನೆ ಸಂಜೆ ನೀನು ಸ್ನಾನಕ್ಕೆ ಹೋದಾಗ ನಾನೇ ಕಾಲು ಸುತ್ತು ಸಡಿಲ ಮಾಡಿಟ್ಟಿದ್ದೆ ಕಣೋ!”

“ಸರಿಯಾಗಿದ್ದದ್ದನ್ನ ಯಾಕೆ ಸಡಿಲ ಮಾಡಿದೆ?”

“ಬೆಳಿಗ್ಗೆ ನೀನು ಕದ್ದು ಹೋಗಿ ಕಾಲು ಸುತ್ತು ಬಿಗಿ ಮಾಡೇ ಮಾಡ್ತೀಯ, ಆಗ ಲೆಕ್ಕ ಸರಿಹೋಗುತ್ತೆ ಅಂತ!”

ಅವಳು ನನ್ನನ್ನು ಎಷ್ಟು ಚೆನ್ನಾಗಿ ಬಲ್ಲಳು ಎಂದು ಹಿಗ್ಗಬೇಕೋ, ಎಷ್ಟು ಚೆನ್ನಾಗಿ ಬಲ್ಲಳು ಎಂದು ನಾಚಬೇಕೋ ತಿಳಿಯದೆ ನಿಂತೆ. ಅವಳಿಗೆ ಮೊದಲು ಅಳು ಬಂತು, ಅದರ ನಡುವೆಯೇ ನಗು ಬಂತು. ಕೆಸರಿನ ಕೈಗಳಿಂದ ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು.

“ಮದುವೆಯಾದಾಗಿಂದ ಒಂದು ದಿನ ನನ್ನ ಮಾತು ಕೇಳಿದವನಲ್ಲ. ಕೇಳೋಕೆ ನಿನಗೆ ಇವತ್ತೇ ಮುಹೂರ್ತ ಸಿಕ್ತೇನೋ?”